ಹಿಮ್ಮೇಳದಲ್ಲಿ ಕೂತ ಕೂಗು

ಒಂಬತ್ತನೇ ಕಂತು

ಜಟ್ಟ ಕೂಗಿಕೊಂಡದ್ದು ಗುರುವಾರ ಸಂಜೆ. ಆ ಕೂಗು ಹಾರವಾಡದ ಅವನ ಮನೆಯಂಗಳಕ್ಕೆ ಬಂದು ಮುಟ್ಟಿದ್ದು ಮಂಗಳವಾರ ಬೆಳಿಗ್ಗೆ ಹತ್ತೂ ಐವತ್ತಕ್ಕೆ.

ಅವನ ಹೆಂಡತಿ ಭವ್ಯಾ ಬಂಗಡೆ ತೊಳೆಯುತ್ತಿದ್ದಳು. ಏನೇ ಆದರೂ ಮಕ್ಕಳು ಉಣ್ಣಬೇಕಲ್ಲ. ಪಕ್ಕದ ಕಲ್ಲಿನ ಮೇಲಿಟ್ಟ ಮೊಬೈಲು ಒಮ್ಮೆಗೇ ಸೈರನ್ನಿನ ಹಾಗೆ ಅರಚಿಕೊಂಡಾಗ ಕಾಗೆಗಳು ಹಾರಿದವು. ಭವ್ಯಾ ಕೈಯಲ್ಲಿದ್ದ ಮೀನನ್ನು ಹಾಗೇ ಹಿಡಿದುಕೊಂಡು ಪರದೆಯನ್ನೇ ನೋಡಿದಳು.

"ದಮಯಂತಕ್ಕಾ, ಇದೆಂತದು ನೋಡ್ರಿ."

ತೆಂಗಿನಕಟ್ಟೆಯ ಮೇಲೆ ಕೂತಿದ್ದ ದಮಯಂತಿ ನಾಯಕ ಎದ್ದು ಬಂದಳು. ಮೂವತ್ತು ವರ್ಷ ಕಾರವಾರದ ಪೊಲೀಸ್ ವೈರ್‌ಲೆಸ್ ಕೋಣೆಯಲ್ಲಿ ಕಿವಿಗೆ ಡಬ್ಬಿ ಕಟ್ಟಿಕೊಂಡು ಕೂತವಳು. ನಿವೃತ್ತಿಯಾದ ಮೇಲೆ ಅಂಕೋಲೆಯ ಮನೆಯ ಮುಂದಿನ ಕೋಣೆಯಲ್ಲೇ ಪತ್ತೇದಾರಿಕೆ ತೆರೆದಿದ್ದಳು. ಬೋರ್ಡು ಹಾಕಿಸಿರಲಿಲ್ಲ. ಪತ್ತೆ ಬೇಕಾದವರು ದಾರಿ ತಾವೇ ಕೇಳಿಕೊಂಡು ಬರುತ್ತಾರೆ ಎನ್ನುವುದು ಅವಳ ವಾದ.

ಪರದೆಯ ಮೇಲೆ ಕೆಂಪು ಅಕ್ಷರ: 'ಜಟ್ಟ ಸಹಾಯ ಕೇಳುತ್ತಿದ್ದಾನೆ.' ಅದರ ಕೆಳಗೆ ಸಣ್ಣದಾಗಿ: 'ಒತ್ತಿದ ಸಮಯ ಗುರುವಾರ ೪.೧೨.'

ಗುರುವಾರವೇ ಜಟ್ಟ ಕಾಣೆಯಾದದ್ದು. ಶುಕ್ರವಾರ ಅವನ ದೋಣಿ ಬರಿದಾಗಿ ತೇಲುತ್ತ ಸಿಕ್ಕಿತ್ತು. ಅಂದಿನಿಂದ ಸಮುದ್ರ ಜಾಲಾಡುತ್ತಿದ್ದವರು ಇವತ್ತು ಸಂಜೆ ಐದಕ್ಕೆ ಹುಡುಕಾಟ ನಿಲ್ಲಿಸುವವರಿದ್ದರು.

"ಒತ್ತಿದ ಕೂಡ್ಲೆ ಬರ್ತದೆ ಅಂದಿದ್ರಿ ನೀವು," ಎಂದಳು ಭವ್ಯಾ.

"ಅಂದಿದ್ದೆ."

"ಐದು ದಿನ ಬಿಟ್ಟು ಬರೂದು ಕೂಡ್ಲೆಯಾ? ನಿಮ್ಮ ಮಾತು ಕೇಳಿ ಹಾಕ್ಸಿದ್ದು ಅಕ್ಕಾ ನಮ್ಮವ್ರು. ಇಡೀ ಹಾರವಾಡ ನಿಮ್ಮ ಮಾತು ಕೇಳೇ ಹಾಕ್ಸಿದ್ದು."

ಸುಳ್ಳಲ್ಲ. ಆ ಆ್ಯಪಿನ ಹೆಸರು 'ದಡ.' ಕಡಲಿಗಿಳಿಯುವಾಗ 'ಹೊರಟೆ' ಒತ್ತಬೇಕು, ಮರಳಿದಾಗ 'ಸೇರಿದೆ' ಒತ್ತಬೇಕು. ಜೀವಕ್ಕೆ ಬಂದರೆ ಕೆಂಪು ಗುಂಡಿ. ಮಾಡಿದವಳು ನಂದಿನಿ, ದಮಯಂತಿಯ ಮನೆಯಲ್ಲೇ ಬೆಳೆದವಳು. ಹೋದ ವರ್ಷ ದಮಯಂತಿ ಮನೆಮನೆಗೆ ಹೋಗಿ, 'ನಮ್ಮ ಹುಡುಗಿ ಮಾಡಿದ್ದು, ಕಣ್ಣು ಮುಚ್ಚಿ ಹಾಕಿಸಿಕೊಳ್ಳಿ' ಎಂದಿದ್ದಳು. ಜನ ಹಾಗೇ ಮಾಡಿದ್ದರು, ಕಣ್ಣು ಮುಚ್ಚಿ.

ಅಷ್ಟರಲ್ಲಿ ನಂದಿನಿಯದೇ ಫೋನು.

"ಮಾವ್ಶಿ, ನೋಡಿದ್ರಾ? ಜಟ್ಟನ ಕರೆ ಬಂತು. ಅವನ ದನಿಯೂ ಬಂದದೆ, ಒಂಬತ್ತು ಸೆಕೆಂಡು. ಅದು ಆಫೀಸಿಗೆ ಮಾತ್ರ ಬರೂದು. 'ನಾಕಾ, ನಾಕಾ' ಅಂತಾನೆ. ಮಾಜಾಳಿ ನಾಕಾನೇ ಇರ್ಬೇಕು. ಪೊಲೀಸರಿಗೆ ಹೇಳಿದೆ, ಜೀಪು ಹೊರಟಾಯ್ತು."

ಗೋವಾ ಗಡಿಯ ಚೆಕ್‌ಪೋಸ್ಟಿಗೆ ಊರಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ದಮಯಂತಿಗೆ ಐದು ದಿನದಲ್ಲಿ ಮೊದಲ ಸಲ ಉಸಿರು ಪೂರ್ತಿ ಬಂತು.

"ಭವ್ಯಾ, ಕೇಳಿಲ್ಲಿ. ಮುಳುಗಿದ ಮೊಬೈಲು ಕರೆ ಕಳಿಸೂದಿಲ್ಲ. ಮೊಬೈಲು ನೆಲದ ಮೇಲದೆ."

"ಅವ್ರು?"

"ಅದನ್ನೇ ನೋಡಿ ಬರ್ತೆ."

"ಐದ ಗಂಟೆ ಒಳಗೆ ಬರ್ರಿ ಅಕ್ಕಾ," ಎಂದಳು ಭವ್ಯಾ. "ಐದಾದ ಮೇಲೆ ಅವ್ರು ಸತ್ತಂಗೇ ಲೆಕ್ಕ ಈ ಜನಕ್ಕೆ."

*

ಮಾಜಾಳಿಯಲ್ಲಿ ಲಾರಿಗಳಿದ್ದವು, ಧೂಳಿತ್ತು, ಜಟ್ಟನಿರಲಿಲ್ಲ. ವಿಜಯಪುರ ಕಡೆಯಿಂದ ವರ್ಗವಾಗಿ ಬಂದ ಸಬ್‌ಇನ್ಸ್‌ಪೆಕ್ಟರ್ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತ, "ನಾಕಾ ಅಂದ್ರ ಇದ ನಾಕಾ ರೀ ಮೇಡಂ. ಇದನ್ನ ಬಿಟ್ಟ ಇನ್ಯಾವ ನಾಕಾ ತರೂಣು?" ಎಂದ.

ಕಾರವಾರಕ್ಕೆ ಸ್ಕೂಟರಿನಲ್ಲಿ ಮರಳುವಾಗ ದಮಯಂತಿ ಹೆಲ್ಮೆಟ್ಟಿನೊಳಗೆ ಅದೇ ಮಾತನ್ನು ಅವನದೇ ದನಿಯಲ್ಲಿ ಆಡಿ ನೋಡಿದಳು. ಅದು ಅವಳ ಚಟ. ಯಾರ ಮಾತು ತಲೆಗೆ ಹೋಗದಿದ್ದರೂ ಬಾಯಿಗೆ ಹಾಕಿಕೊಂಡು ನೋಡುವುದು. ವೈರ್‌ಲೆಸ್ ಕೋಣೆಯಲ್ಲಿ ಎಸ್ಪಿಯಿಂದ ಹಿಡಿದು ಲಾಂಚು ನಡೆಸುವ ತಾಂಡೇಲನವರೆಗೆ ನಲವತ್ತು ಜನರ ದನಿ ಅವಳ ಗಂಟಲಲ್ಲಿತ್ತು.

'ದಡ'ದ ಆಫೀಸು ಕಾಜೂಬಾಗಿನ ಒಂದು ಮಹಡಿಯ ಮೇಲೆ. ನಂದಿನಿ ಹೊರಗೆ ಹೋಗಿದ್ದಳು. ಇದ್ದವನು ಅವಳ ಪಾಲುದಾರ ವಿಘ್ನೇಶ್ವರ ಭಟ್ಟ. ಘಟ್ಟದ ಮೇಲಿನ ಪುರೋಹಿತರ ಮನೆಯವನು, ಮಂತ್ರ ಬಿಟ್ಟು ತಂತ್ರಾಂಶ ಹಿಡಿದವನು.

"ಬನ್ನಿ ದಮಯಂತಕ್ಕ. ನಮ್ಮ ಮಾನ ಎಲ್ಲ ಹೋತು ಮಾರಾಯ್ರೆ."

"ಮಾನ ಆಮೇಲೆ ಹುಡುಕುವ. ಮೊದಲು ಜಟ್ಟನ ದನಿ ಹಾಕಿ."

ಭಟ್ಟ ಹಾಕಿದ. ಒಂಬತ್ತು ಸೆಕೆಂಡು. ಮೊದಲು ಎಂತದೋ ಎಳೆದಾಡಿದ ಸದ್ದು. ಆಮೇಲೆ ಜಟ್ಟ: "ನಾಕಾ... ನಾಕಾ... ನಾಕಾ..."

ಅಷ್ಟೇ. ತೆರೆಯ ಸದ್ದಿಲ್ಲ, ಗಾಳಿಯಿಲ್ಲ, ಎಂಜಿನ್ನಿಲ್ಲ. ನಾಲ್ಕು ಗೋಡೆಯೊಳಗಿನ ದನಿ.

"ನಿಮಗೇನು ಕೇಳ್ತು ಭಟ್ರೆ?"

"ಮೊದಲು ನಾಕು ಅಂತ ಕೇಳ್ತು. ನಾಕು ಜನ ಇದ್ದಿಕ್ಕು ಅಂದ್ಕಂಡೆ. ಮತ್ತೆ ಸಂಸ್ಕೃತದ ನಾಕವೇನೋ ಅನ್ನಿಸ್ತು. ನಾಕ ಅಂದ್ರೆ ಸ್ವರ್ಗ."

"ಹಾರವಾಡದಲ್ಲಿ ಮೀನು ಹಿಡಿಯೋ ಖಾರ್ವಿ ಸಂಸ್ಕೃತದಲ್ಲಿ ಸ್ವರ್ಗಕ್ಕೆ ಹೋಗ್ತಾನಾ?"

"ಅದಕ್ಕೇ ನಂದಿನಿ ಹತ್ರ ಕೇಳಿದೆ. ಚೆಕ್‌ಪೋಸ್ಟು ಅಂತ ಬರೆದು ಕಳಿಸು ಅಂದ್ಳು, ಕಳಿಸಿದೆ. ಕೊಂಕಣಿ ನಂಗೆ ಬತ್ತಿಲ್ಲೆ."

ಕೊಂಕಣಿ ಎನ್ನುವ ಮಾತು ದಮಯಂತಿಯ ಕಿವಿಗೆ ಮುಳ್ಳಿನಂತೆ ತಾಗಿತು. ಆದರೆ ಅವಳು ಅದನ್ನು ಅಲ್ಲೇ ಬಿಟ್ಟು ಬೇರೆ ಕೇಳಿದಳು.

"ಗುರುವಾರದ ಕೂಗು ಮಂಗಳವಾರ ಬರೂದು ಹೇಗೆ? ನನಗೆ ಅರ್ಥವಾಗೋ ಹಾಗೆ ಹೇಳಿ."

ಭಟ್ಟನ ಮುಖ ಸ್ವಲ್ಪ ಅರಳಿತು. ಗೊತ್ತಿದ್ದದ್ದು ಕೇಳಿದರೆ ಎಂಥ ದುಃಖದಲ್ಲೂ ಮನುಷ್ಯನಿಗೆ ಒಂದು ಸುಖ.

"ಯಕ್ಷಗಾನದ ಲೆಕ್ಕವೇ ದಮಯಂತಕ್ಕ. ಆ್ಯಪಿನಲ್ಲಿ ಎರಡು ಸಾಲು ಮಾಡಿ ಹೆಸರೂ ಹಾಂಗೇ ಇಟ್ಟಿದ್ಯ. ಬೆರಳು ಮುಟ್ಟಿದ್ದು, ಕಣ್ಣಿಗೆ ಕಂಡಿದ್ದು ಎಲ್ಲ ಮುಮ್ಮೇಳ. ಅದು ಕುಣೀತಾ ಇರವು, ಒಂದು ಕ್ಷಣ ನಿಲ್ಲಲಾಗ. ನಿಂತ್ರೆ ಪರದೆ ಹೆಪ್ಪುಗಟ್ಟಿದಾಂಗೆ ಆಗ್ತು. ಹಂಗಾಗಿ ಭಾರದ ಕೆಲಸ ಎಲ್ಲ ಹಿಂದೆ ಕೂತ ಹಿಮ್ಮೇಳಕ್ಕೆ. ಕಡಲಿನ ನಕ್ಷೆ ಇಳಿಸದು, ಫೋಟೊ ಕಳಿಸದು, ಹಳೇ ದಾಖಲೆ ಜೋಡಿಸದು."

"ಮತ್ತೆ ತಡ ಯಾಕೆ?"

"ಹಿಮ್ಮೇಳಕ್ಕೆ ಒಂದು ಷರತ್ತು. ಬ್ಯಾಟರಿ ತಿಂದು ಹಾಕಲಾಗ ಅಂತ, ಮೊಬೈಲು ಚಾರ್ಜಿಗೆ ಹಾಕಿದಾಗ ಮಾತ್ರ ಅದರ ಕೆಲಸ ಶುರು. ನಕ್ಷೆಗೆ, ಫೋಟೊಕ್ಕೆ ಅದು ಸರಿಯೇ. ಎಂತಾ ಅವಸರ ಇದ್ದು ಅದಕ್ಕೆ?"

"ಸಹಾಯದ ಕೂಗಿಗೆ?"

ಭಟ್ಟ ಗಂಟಲು ಸರಿಮಾಡಿಕೊಂಡ. "ಅದು ಯಾವತ್ತೂ ಮುಮ್ಮೇಳದ ಪಕ್ಕದಲ್ಲೇ ಇರವು. ಒತ್ತಿದ ಕೂಡಲೇ ಹೋಪದು. ಇವತ್ತು ತೆಗೆದು ನೋಡಿದ್ರೆ ಯಾರೋ ಅದನ್ನೂ ಹಿಮ್ಮೇಳಕ್ಕೆ ಹಾಕಿದ್ದ. ಪರದೆ ಮಾತ್ರ 'ಕರೆ ತಲುಪಿತು' ಅಂತ ಆ ಕ್ಷಣವೇ ಹೇಳ್ತು. ಕರೆ ಮೊಬೈಲಿನ ಹೊಟ್ಟೆಯಲ್ಲೇ ಕೂತಿರ್ತು, ಚಾರ್ಜರ್ ಸಿಗುವವರೆಗೆ."

ಮುಳುಗುವವನಿಗೆ ನಡುಗಡಲಿನಲ್ಲಿ ಚಾರ್ಜರ್. ದಮಯಂತಿ ಕಣ್ಣು ಮುಚ್ಚಿ ತೆರೆದಳು. ತಾನು ಹೋಗಿ ಹೇಳಿ ಬಂದ ಕೇಣಿಯ, ಹಾರವಾಡದ ಒಂದೊಂದು ಮನೆಯ ಬಾಗಿಲೂ ಕಣ್ಣ ಮುಂದೆ ಬಂತು.

"ಹಾಕಿದ್ದು ಯಾರು?"

"ಆನಲ್ಲ," ಎಂದ ಭಟ್ಟ, ಗಾಬರಿಗೆ ಮನೆಮಾತು ಪೂರ್ತಿ ಹೊರಬಿದ್ದು. "ಆನಲ್ಲ ದಮಯಂತಕ್ಕ."

"ಆನ್ ಅಲ್ಲದಿದ್ರೆ ಆಫ್ ಮಾಡಿದ್ದು ಯಾರು ಅಂತ ಕೇಳ್ತಿದ್ದೆ."

"ಆನು ಅಂದ್ರೆ ನಾನು."

"ಗೊತ್ತು ಮಾರಾಯಾ. ಸುಮ್ನೆ ಅಂದೆ." ಅವಳು ಪರದೆಯ ಮೂಲೆ ತೋರಿಸಿದಳು. ಅಲ್ಲೊಂದು ಹಸಿರು ಪಟ್ಟಿ ಹದಿನಾಲ್ಕರಲ್ಲಿ ನಿಂತಿತ್ತು. "ಇದೆಂತದು?"

"ಜಟ್ಟನ ಮೊಬೈಲು ಗುಂಡಿ ಒತ್ತಿದಾಗ ತೆಗೆದ ಫೋಟೊ. ಜಾಗದ ಗುರುತು ಅದರ ಮೈಗೇ ಅಂಟಿಸಿದ್ದು. ಫೋಟೊ ಪೂರ್ತಿ ಬಂದ್ರೆ ಜಾಗ ಗೊತ್ತಾಗ್ತು. ದನಿ ಸಣ್ಣದು, ಮೊದಲೇ ಬಂತು. ಇದು ನೂರಕ್ಕೆ ಹದಿನಾಲ್ಕು ಬಂದು ಹನ್ನೊಂದು ಗಂಟೆಗೆ ಸರಿಯಾಗಿ ನಿಂತ್ಹೋತು. ಯಾರೋ ಚಾರ್ಜರ್ ಕಿತ್ತಿಕ್ಕು."

"ಹನ್ನೊಂದಕ್ಕೆ ಸರಿಯಾಗಿ?"

"ಹೌದು. ಒಂದು ನಿಮಿಷ ಹೆಚ್ಚಿಲ್ಲೆ, ಕಡಿಮೆ ಇಲ್ಲೆ."

"ಗಡಿಯಾರ ನೋಡಿ ಚಾರ್ಜರ್ ಕೀಳೋರು ಯಾರೂ ಇಲ್ಲ ಭಟ್ರೆ. ಗಡಿಯಾರ ನೋಡಿ ಕೀಳೂದು ಕರೆಂಟು ಒಂದನ್ನೇ."

ಮೇಜಿನ ಮೇಲೆ ಆ ದಿನದ ಪೇಪರಿತ್ತು. ಎಲ್ಲರೂ ದಾಟಿಸಿ ಓದುವ ಆ ಒಂದು ಮೂಲೆ, 'ವಿದ್ಯುತ್ ವ್ಯತ್ಯಯ.' ಇವತ್ತಿನ ತಾರೀಕಿಗೆ ಕಾರವಾರದ ಸುತ್ತ ಒಂದೇ ಊರಿನ ಹೆಸರಿತ್ತು: ಕದ್ವಾಡ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ.

ಮಾಜಾಳಿ ಉತ್ತರಕ್ಕೆ. ಕದ್ವಾಡ ಪೂರ್ವಕ್ಕೆ, ಹೊಳೆಯ ದಂಡೆಗೆ. ಪೊಲೀಸ್ ಜೀಪು ಬೆಳಗಿನಿಂದ ಬೇರೆಯೇ ದಿಕ್ಕಿಗೆ ಮುಖ ಮಾಡಿ ನಿಂತಿತ್ತು.

"ಭಟ್ರೆ, ನೀವೇ ಹೋಗಿ ಆ ಸಬ್‌ಇನ್ಸ್‌ಪೆಕ್ಟರನ್ನ ಕದ್ವಾಡಕ್ಕೆ ಕರ್ಕೊಂಡು ಹೋಗಿ. ಊರ ಬಾಗಿಲಲ್ಲಿ ನಿಂತಿರಿ. ಮೂರಕ್ಕೆ ಕರೆಂಟು ಬರ್ತದೆ, ಫೋಟೊ ಬರ್ತದೆ. ಯಾವ ಮನೆ ಅಂತ ನಾನು ಹೇಳ್ತೆ. ಫೋನಲ್ಲಿ ಯಾರಿಗೂ ಹೇಳಬೇಡಿ."

"ನಂದಿನಿಗೆ?"

ದಮಯಂತಿ ಬಾಗಿಲು ತೋರಿಸಿದಳು. ಭಟ್ಟ ಮೆಟ್ಟಿಲಿಳಿದ ಮೇಲೆ ಒಬ್ಬಳೇ ಕೂತು ಆ ಒಂಬತ್ತು ಸೆಕೆಂಡನ್ನು ಮತ್ತೆ ಮತ್ತೆ ಕೇಳಿದಳು. ಆಮೇಲೆ ಜಟ್ಟನ ದನಿಯನ್ನು ತನ್ನ ಗಂಟಲಿಗೆ ತಂದುಕೊಂಡು ತಾನೇ ಅಂದು ನೋಡಿದಳು.

ಊರಿನ ಹೆಸರು ಹೇಳುವವನ ದನಿ ಕೊನೆಗೆ ಇಳಿಯುತ್ತದೆ. ಹೇಳಿ ಮುಗಿಯಿತಲ್ಲ, ಇಳಿಯಲೇಬೇಕು. ಜಟ್ಟನದು ಒಂದೊಂದು ಸಲಕ್ಕೂ ಏರುತ್ತಿತ್ತು. ಅದು ಜಾಗ ತೋರಿಸುವವನ ದನಿಯಲ್ಲ, ಎದುರಿಗೆ ನಿಂತವನ ಕೈ ಹಿಡಿಯುವವನ ದನಿ.

ಖಾರ್ವಿಗಳು ಮನೆಯಲ್ಲಿ ಆಡುವುದು ಕೊಂಕಣಿ. ಅದರಲ್ಲಿ ನಾಕಾ ಅಂದರೆ ಬೇಡ.

ಬೇಡ... ಬೇಡ... ಬೇಡ...

ಇದು ಗೊತ್ತಾಗಲು ವೈರ್‌ಲೆಸ್ ಕೋಣೆಯ ಕಿವಿ ಬೇಕಿರಲಿಲ್ಲ. ಕಾರವಾರದ ಯಾವ ಮೀನುಪೇಟೆಯ ಹೆಂಗಸಾದರೂ ಸಾಕಿತ್ತು. ಕೊಂಕಣಿ ಆಡುವ ಯಾರಾದರೂ ಸಾಕಿತ್ತು.

ನಂದಿನಿಯ ಮನೆಮಾತು ಕೊಂಕಣಿ.

*

ನಂದಿನಿ ಬಂದದ್ದು ಎರಡೂ ನಲವತ್ತಕ್ಕೆ, ಕೈಯಲ್ಲಿ ಬಿಸಿ ಬನ್ಸಿನ ಪೊಟ್ಟಣ ಹಿಡಿದು. ಮೂವತ್ತೆರಡು ವರ್ಷದ ಹೆಂಗಸು. ಮೆಟ್ಟಿಲು ಹತ್ತುವಾಗ ಈಗಲೂ ಎರಡೆರಡು ಹಾರುತ್ತಾಳೆ.

"ಮಾವ್ಶಿ, ಊಟ ಮಾಡಿರೂದಿಲ್ಲ ನೀವು, ನನಗೆ ಗೊತ್ತದೆ. ತಿನ್ನಿ ಮೊದಲು. ಭಟ್ಟ ಎಲ್ಲಿ?"

"ಹೊರಗೆ ಹೋದ."

ನಂದಿನಿಯ ಅಪ್ಪ ಕಿಶೋರ ವೈರ್‌ಲೆಸ್ ಕೋಣೆಯಲ್ಲಿ ದಮಯಂತಿಯ ಪಕ್ಕದ ಕುರ್ಚಿಯವನು. ಅವನು ಹೋದಾಗ ಹುಡುಗಿಗೆ ಹನ್ನೆರಡು, ತಾಯಿ ಮೊದಲೇ ಇರಲಿಲ್ಲ. ಹತ್ತು ವರ್ಷ ದಮಯಂತಿಯ ಮನೆಯಲ್ಲಿದ್ದಳು. ತಾಯಿಯ ತಂಗಿಯನ್ನು ಕರೆಯುವ ಹಾಗೆ ಮಾವ್ಶಿ ಎಂದು ಕರೆದಳು, ದಮಯಂತಿ ಹಾಗೇ ಓಗೊಟ್ಟಳು.

ದಮಯಂತಿ ಎರಡು ತಟ್ಟೆ ತೆಗೆದಳು. ನಂದಿನಿಗೆ ಒಂದು ಬನ್ಸ್ ಇಟ್ಟಳು. ನಂದಿನಿ ತಿಂದಳು. ಎರಡನೆಯದು ಇಟ್ಟಳು.

"ನಾಕಾ ಮಾವ್ಶಿ, ನೀವು ತಿನ್ನಿ."

ಮೂರನೆಯದು ಇಟ್ಟಳು.

"ಅಯ್ಯ, ನಾಕಾ, ನಾಕಾ ಅಂದೆ ಅಲ್ಲಾ."

"ಯಾವ ನಾಕಾ?" ಎಂದಳು ದಮಯಂತಿ. "ಮಾಜಾಳಿಯದ್ದಾ?"

ನಂದಿನಿಯ ಕೈ ತಟ್ಟೆಯ ಮೇಲೇ ನಿಂತಿತು. ಫ್ಯಾನು ತಿರುಗುತ್ತಿತ್ತು. ಪೇಪರಿನ ಒಂದು ಹಾಳೆ ಎದ್ದು ಎದ್ದು ಬೀಳುತ್ತಿತ್ತು.

"ಅವಸರದಲ್ಲಿ ನನಗೆ ಹಾಗೇ ಕೇಳ್ತು ಮಾವ್ಶಿ."

"ಹತ್ತು ವರ್ಷ ಎರಡನೇ ಸಲ ಅನ್ನ ಬಡಿಸ್ಲಿಕ್ಕೆ ಬಂದಾಗೆಲ್ಲ ತಟ್ಟೆ ಮೇಲೆ ಕೈ ಅಡ್ಡ ಹಿಡಿದು ನಾಕಾ ಅಂದವಳು ನೀನು. ನನಗೆ ಆ ಶಬ್ದ ಕಲ್ಸಿದ್ದೇ ನೀನು. ನಿನಗೆ ಬೇರೆ ಕೇಳ್ತಾ?"

"ಫೋನಿನ ಸದ್ದು, ಸ್ಪಷ್ಟ ಇರ್ಲಿಲ್ಲ."

ದಮಯಂತಿ ವಾದ ಮಾಡಲಿಲ್ಲ. ಬಾಯಿ ತೆರೆದು, ಜಟ್ಟನ ದನಿಯಲ್ಲಿ, ಅದೇ ಏರಿನಲ್ಲಿ, "ನಾಕಾ... ನಾಕಾ... ನಾಕಾ..." ಎಂದಳು.

ನಂದಿನಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ಟಳು. "ಹಾಗೆ ಮಾಡಬೇಡಿ."

"ಕೂತ್ಕೋ."

"ಮಾವ್ಶಿ, ಹಾಗೆ ಮಾಡಬೇಡಿ ಅಂದೆ."

"ಜಟ್ಟನೂ ಅದನ್ನೇ ಅಂದದ್ದು. ಕೂತ್ಕೋ. ಕೂಗನ್ನ ಹಿಮ್ಮೇಳಕ್ಕೆ ಹಾಕಿದ್ದು ಯಾವಾಗ?"

ನಂದಿನಿ ಕೂತಳು. ತುಸು ಹೊತ್ತು ಗೋಡೆಯ ಗಡಿಯಾರ ನೋಡಿದಳು. ಎರಡೂ ನಲವತ್ತೆಂಟು.

"ಕೇಣಿಯಲ್ಲಿ ಮೊದಲ ಸಲ ತೋರ್ಸಿದಾಗ ನೀವೂ ಇದ್ರಿ," ಎಂದಳು. "ನಲವತ್ತು ಜನ ಗಂಡಸರು. ಗುಂಡಿ ಒತ್ತಿದೆ, ಪರದೆ ನಿಂತುಹೋಯ್ತು. ಹತ್ತು ಸೆಕೆಂಡು. 'ಇದು ದಡ ಅಲ್ಲ ತಂಗಿ, ಜಡ' ಅಂದ ಒಬ್ಬ. ಎಲ್ಲ ನಕ್ಕರು. ನೀವೂ ನಕ್ಕಿರಿ."

"ಮಾತು ಚೆನ್ನಾಗಿತ್ತು, ನಕ್ಕೆ."

"ನನಗೆ ನಗೆ ಬರ್ಲಿಲ್ಲ. ಆ ರಾತ್ರಿನೇ ಭಾರ ಎಲ್ಲ ಹಿಂದೆ ಹಾಕಿದೆ. ಕೂಗಿನ ಜೊತೆ ದನಿ, ಫೋಟೊ, ಜಾಗ ಎಲ್ಲ ಕಟ್ಟಿಕೊಂಡು ಹೋಗ್ಬೇಕಲ್ಲ, ಹಳೇ ಮೊಬೈಲುಗಳು ಅದರಲ್ಲೇ ತಡವರಿಸ್ತಿದ್ವು. ಅದನ್ನೂ ಹಿಂದೆ ತಳ್ಳಿದೆ. ಒಂದು ಸಾಲು ಬದಲಾಯ್ಸಿದ್ದು ಮಾವ್ಶಿ, ಒಂದೇ ಸಾಲು. ಎಣ್ಣೆ ಹಾಕ್ದಂಗೆ ನುಣ್ಣಗೆ ಓಡ್ತು."

"ಪರದೆ ನುಣ್ಣಗೆ, ಕೂಗು ತಣ್ಣಗೆ."

"ಆಮೇಲೆ ಸರಿ ಮಾಡುವ ಅಂದ್ಕೊಂಡೆ. ಅಷ್ಟರಲ್ಲಿ ಎಲ್ಲ ದೋಣಿಗೂ ಇದನ್ನೇ ಹಾಕೂದು ಅಂತ ಮೇಲಿಂದ ಬಂತು. ಮುಂದಿನ ಸೋಮವಾರ ದೊಡ್ಡವರ ಎದುರಿಗೆ ತೋರ್ಸಬೇಕು. ತಡವರಿಸಿದ್ರೆ ಮುಗೀತು."

"ಭಾಗವತನನ್ನೇ ಬಣ್ಣ ಹಚ್ಚೋ ಚೌಕಿಯಲ್ಲಿ ಕೂಡಿಹಾಕಿ ವೇಷ ಕುಣಿಸಿದ್ದಿ ನೀನು. ಪದ ಹೇಳೋನೇ ಇಲ್ಲ, ಕುಣಿತ ಭರ್ತಿ." ದಮಯಂತಿಗೆ ತನ್ನ ದನಿ ತನಗೇ ದೂರದಿಂದ ಕೇಳಿದಂತಾಯಿತು. "ಜಟ್ಟನಿಗೆ ಇದು ಗೊತ್ತಾಗಿತ್ತು, ಅಲ್ಲಾ? ಹೇಗೆ?"

ನಂದಿನಿಯ ತುಟಿಯಲ್ಲಿ ಒಂದು ಅರೆನಗೆ ಬಂದು ಹೋಯಿತು. "ಬುಧವಾರ ದೋಣಿಯಿಂದ ಫೋನ್ ಮಾಡಿದ. 'ಬಾಯೀ, ಕೆಂಪು ಗುಂಡಿ ಒತ್ತಿದೆ, ಬಂತಾ?' ಅಂದ. ಬಂದಿರ್ಲಿಲ್ಲ. 'ಬಂತು, ಆಗ್ಲೇ ಬಂತು' ಅಂದೆ."

"ಮತ್ತೆ?"

"ಅವನು ಒತ್ತಿರ್ಲೇ ಇಲ್ಲ."

ದಮಯಂತಿಗೆ ಒಂದು ಕ್ಷಣ ಜಟ್ಟನ ಮೇಲೆ ಮುದ್ದು ಬಂತು. ಮೀನಿಗೆ ಗಾಳ ಹಾಕುವವನು ಮಾತಿಗೂ ಹಾಕಿದ್ದ.

"ಸೋಮವಾರ ಆಗ್ಲಿ, ಸರಿ ಮಾಡ್ತೆ ಅಂತ ಕೈ ಮುಗಿದೆ ಮಾವ್ಶಿ. ಕೇಳ್ಲಿಲ್ಲ. 'ನಾನು ದಮಯಂತಕ್ಕನ ಹತ್ರ ಹೇಳ್ತೆ, ಅವ್ರ ಮಾತಿಗೆ ಹಾಕ್ಸಿದ್ದು ನಾವು' ಅಂದ. ಗುರುವಾರ ನಿಮ್ಮ ಹತ್ರ ಬರ್ಲಿಕ್ಕೇ ಮನೆ ಬಿಟ್ಟದ್ದು ಅವನು, ಕಡಲಿಗಲ್ಲ. ದೋಣಿ ಆಮೇಲೆ ಬರಿದೇ ತೇಲಿಬಿಟ್ಟದ್ದು."

"ನನ್ನ ಹತ್ರ ಬರ್ಲಿಲ್ಲ."

"ಬಂದ," ಎಂದಳು ನಂದಿನಿ. "ನೀವು ಕರೆದ ಕಡೆಗೆ ಬಂದ."

"ನಾನು ಕರೆದಿಲ್ಲ."

ಗಡಿಯಾರ ಮೂರು ತೋರಿಸಿತು. ಪರದೆಯ ಮೂಲೆಯಲ್ಲಿ ಹಸಿರು ಪಟ್ಟಿ ಮಿಸುಕಿತು.

ಹದಿನೈದು. ಹದಿನೇಳು. ಇಪ್ಪತ್ತೆರಡು.

ಕದ್ವಾಡದಲ್ಲಿ ಕರೆಂಟು ಬಂದಿತ್ತು.

ದಮಯಂತಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. "ನೂರಾಗ್ಲಿ. ಊರ ಬಾಗಿಲಲ್ಲೇ ಜೀಪು ನಿಂತದೆ. ಜಟ್ಟ ಉಳಿದ್ರೆ ನಿನಗೂ ಉಳಿಯೋ ದಾರಿ ಒಂದದೆ ನಂದಿನಿ. ಈಗ್ಲೇ ಹೇಳು, ಯಾವ ಮನೆ?"

ಮೂವತ್ತೊಂದು. ಮೂವತ್ತೆಂಟು.

ನಂದಿನಿ ಪಟ್ಟಿಯನ್ನು ನೋಡಿದಳು, ದಮಯಂತಿಯನ್ನು ನೋಡಿದಳು. ಆಮೇಲೆ ಬಹಳ ನಿಧಾನವಾಗಿ, ಉಪ್ಪಿನ ಡಬ್ಬಿ ತೆಗೆಯುವಷ್ಟು ಸಹಜವಾಗಿ, ಪರ್ಸಿನಿಂದ ಬೇರೊಂದು ಮೊಬೈಲು ತೆಗೆದಳು. ಸಣ್ಣದು, ಬಟನ್ನಿನದು. ಒಂದು ನಂಬರು ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

"ನನ್ನನ್ನ ಕ್ಷಮಿಸ್ಬೇಡಿ ಮಾವ್ಶಿ," ಎಂದಳು. ಅದು ಅವಳದೇ ದನಿ.

ಆಚೆಯಿಂದ ಯಾರೋ ಎತ್ತಿದರು. ನಂದಿನಿ ಸಣ್ಣದಾಗಿ ಕೆಮ್ಮಿದಳು.

"ಕೇಳಿಲ್ಲಿ," ಎಂದಳು.

ಆ ಕೆಮ್ಮು ದಮಯಂತಿಯದು. ಆ 'ಕೇಳಿಲ್ಲಿ' ಅವಳದು. ಎಳೆಯುವ ಎಳೆತ, ನಿಲ್ಲಿಸುವ ನಿಲುಗಡೆ, ವೈರ್‌ಲೆಸ್ಸಿನ ಮುಂದೆ ಮೂವತ್ತು ವರ್ಷ ಕೂತು ಬಂದ ಆ ಗರಗರ, ಎಲ್ಲ ಅವಳದು. ಆಡುತ್ತಿದ್ದ ತುಟಿ ಮಾತ್ರ ನಂದಿನಿಯದು. ಹತ್ತು ವರ್ಷ ಒಂದೇ ಸೂರಿನಡಿ ಊಟಕ್ಕೆ ಕೂತು ಹುಡುಗಿ ಕಲಿತದ್ದು ಇದನ್ನು.

"ಹೇಳ್ರಿ ದಮಯಂತಕ್ಕಾ," ಎಂದಿತು ಆಚೆಯ ಗಂಡುದನಿ. ಭಯವಿಲ್ಲ, ಬರೀ ಮರ್ಯಾದೆ.

"ಅವನ ಮೊಬೈಲು ಚಾರ್ಜಿಗೆ ಹಾಕಿದ್ಯಾ?"

"ಹ್ಞೂಂ ಅಕ್ಕಾ, ಬೆಳಿಗ್ಗೆ ಹಾಕಿದ್ದೆ. ಸತ್ತು ಬಿದ್ದಿತ್ತು, ಚಾಲು ಆಗ್ತದೆಯಾ ನೋಡುವ ಅಂತ. ಕರೆಂಟು ಹೋಗಿತ್ತು, ಈಗ ಬಂತು."

"ಕಿತ್ತು ಹಾಕು. ಈಗ್ಲೇ."

"ಕಿತ್ತೆ."

ಪಟ್ಟಿ ಅರವತ್ತಮೂರರಲ್ಲಿ ನಿಂತಿತು.

'ಇಲ್ಲಿ ಧಣಿ ಯಾರೂ ಇಲ್ಲ, ದನಿಯೇ ಧಣಿ' ಎನ್ನುತ್ತಿದ್ದ ಕಿಶೋರ, ವೈರ್‌ಲೆಸ್ ಕೋಣೆಯಲ್ಲಿ. ಗುರುತಿನ ದನಿ ಬಂದರೆ ಯಾವ ಪೇದೆಯೂ ಯಾಕೆಂದು ಕೇಳುತ್ತಿರಲಿಲ್ಲ. ಅವನ ಮಗಳು ಅದನ್ನು ಎಲ್ಲಿಗೆ ತಂದು ನಿಲ್ಲಿಸಿದ್ದಳು.

"ಅಕ್ಕಾ," ಎಂದ ಆಚೆಯವನು, ಮಾತು ತಗ್ಗಿಸಿ, "ಮತ್ತೆ ಇಂವಂದು? ಐದಕ್ಕೆ ಹುಡುಕೂದು ನಿಂತ ಮೇಲೆ ಹೊಳೆಬಾಯಿಗೆ ಕರ್ಕೊಂಡು ಹೋಗು ಅಂದಿದ್ರಿ. ಅದೇ ಅಲ್ಲಾ? ಎರಡು ದಿನದಿಂದ ನೀರೂ ಕುಡೀತಿಲ್ಲ, ಬರೀ ನಿಮ್ಮನ್ನೇ ಕರೀತಾನೆ. 'ದಮಯಂತಕ್ಕ ನನಗೆ ಹೀಗೆ ಮಾಡ್ಲಿಕ್ಕಿಲ್ಲ' ಅಂತಾನೆ."

ಜಟ್ಟ ಬದುಕಿದ್ದ. ಬದುಕಿ, ಐದು ದಿನದಿಂದ ಅವಳ ಹೆಸರಿಗೇ ಶಾಪ ಹಾಕಲಾರದೆ ಕೂತಿದ್ದ.

ನಂದಿನಿ ಬಾಯಿ ತೆರೆಯುವುದರೊಳಗೆ ದಮಯಂತಿ ಆ ಮೊಬೈಲನ್ನು ಕಸಿದುಕೊಂಡಳು. ನಂದಿನಿ ತಡೆಯಲಿಲ್ಲ. ಕೈ ಕಟ್ಟಿಕೊಂಡು ಕುರ್ಚಿಗೆ ಒರಗಿದಳು, ಅಷ್ಟೇ. ಆ ಸಮಾಧಾನ ಯಾಕೆಂದು ಯೋಚಿಸಲು ದಮಯಂತಿಗೆ ಪುರಸತ್ತಿರಲಿಲ್ಲ.

"ಅವನ ಮೈ ಮುಟ್ಟಬೇಡ," ಎಂದಳು, ಮೊಬೈಲನ್ನು ಬಾಯಿಗೆ ಒತ್ತಿ ಹಿಡಿದು, ಕೆಮ್ಮದೆ, 'ಕೇಳಿಲ್ಲಿ' ಎನ್ನದೆ, ಅವಸರಕ್ಕೆ ಏರಿದ ದನಿಯಲ್ಲಿ. "ನೀರು ಕುಡಿಸು, ಕಟ್ಟು ಬಿಚ್ಚು, ಬಾಗಿಲು ತೆಗೆದು ಹೊರಗೆ ಬಿಡು. ಊರ ಬಾಗಿಲಲ್ಲಿ ಜೀಪದೆ, ಅಲ್ಲಿಗೆ ಕಳ್ಸು. ನಾನು ದಮಯಂತಿ ಹೇಳ್ತಿದ್ದೆ."

ಆಚೆ ಎಲ್ಲೋ ಬಾಗಿಲಿನ ಅಗುಳಿ ಬಿದ್ದ ಸದ್ದು.

"ಯಾರ್ರೀ ನೀವು?" ಎಂದಿತು ಗಂಡುದನಿ. ಮರ್ಯಾದೆಯೆಲ್ಲ ಹೋಗಿತ್ತು. ಅವನು ಕೇಳಿ ಬಲ್ಲ ದಮಯಂತಿ ನಂದಿನಿಯ ಬಾಯಿಯವಳು ಮಾತ್ರ. "ದಮಯಂತಕ್ಕನ ದನಿ ನನಗೆ ಗೊತ್ತಿಲ್ವಾ? ಅವ್ರ ಕೈಗೆ ಕೊಡ್ರಿ ಫೋನು."